ತೇಪೆ ಹಾಕಿದ ಹರಿಗೋಲು

ಹಂಪೆಯ ವಿಠ್ಠಲ ದೇವಾಲಯಕ್ಕೆ ಅನತಿದೂರದಲ್ಲಿ, ತುಂಗಭದ್ರೆಯ ಬಲದಂಡೆಯ ಮೇಲೆ, ತಳವಾರಘಟ್ಟವೆಂಬ ಸ್ಥಳವಿದೆ. ಅಲ್ಲಿ ಹೊಳೆಯನ್ನು ದಾಟಿದರೆ ಆನೆಗೊಂದಿ. ಈ ಕಡವಿನ ಬಂಡೆಗಳ ಮೇಲೆ ಬೋರಲು ಹಾಕಿದ ಹರಿಗೋಲುಗಳನ್ನು ಹಂಪೆಗೆ ಹೋದ ವಾಚಕರಲ್ಲಿ ಅನೇಕರು ಕಂಡಿರಬಹುದು. ದೂರದಿಂದ ಅವು ಬಿಸಿಲು ಕಾಯುತ್ತ ಮಲಗಿದ ದೊಡ್ಡ ಆಮೆಗಳಂತೆ ತೋರುವುವು. ಸಮೀಪಕ್ಕೆ ಹೋಗಿ ನೋಡಿದರೆ, ಆ ಕಪ್ಪು ಮೈಯೆಲ್ಲ ಒಂದೇ ಕಪ್ಪಲ್ಲವೆಂದು ತಿಳಿಯುವುದು. ಒಂದೆಡೆ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದ ಹಳೆಯ ಡಾಂಬರು. ಪಕ್ಕದಲ್ಲಿಯೇ ಮಿರುಗುವ ಹೊಸ ಲೇಪ. ನಡುವೆ ಚೌಕನಾದ, ಉದ್ದನಾದ, ಯಾವ ಆಕಾರಕ್ಕೂ ಸೇರದ ತೇಪೆಗಳು.

ಇಂಥದೊಂದು ಹರಿಗೋಲಿನ ವಯಸ್ಸೆಷ್ಟು ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಬಿದಿರಿನ ಹಂದರಕ್ಕೆ ಒಂದು ವಯಸ್ಸು, ಅದರ ಮೇಲಿನ ಹೊದಿಕೆಗೆ ಇನ್ನೊಂದು, ಎಲ್ಲಕ್ಕೂ ಮೇಲಿನ ಡಾಂಬರಿಗೆ ಮತ್ತೊಂದು. ಸಮುದ್ರತೀರದ ದೇಶಗಳಲ್ಲಿ ಹಾಯಿದೋಣಿಗಳನ್ನು ಇಟ್ಟುಕೊಂಡವರು ಹಳೆಯ ರಾಟೆ, ಹಗ್ಗ, ಹಾಯಿಗಳನ್ನು ಸರಿಪಡಿಸಿ ಬಳಸಬೇಕೋ, ಎಸೆದು ಹೊಸದನ್ನು ಕೊಳ್ಳಬೇಕೋ ಎಂದು ಬಹಳವಾಗಿ ಚರ್ಚಿಸುವುದುಂಟು. ಬಂಡೆಗಳೇ ತುಂಬಿರುವ ನಮ್ಮ ಈ ಹೊಳೆಯಲ್ಲಿ ಹಾಯಿ ಕಟ್ಟುವ ಮಾತೇ ಇಲ್ಲ. ಆದರೆ ಅದೇ ಪ್ರಶ್ನೆ ಇಲ್ಲಿಯೂ ಉಂಟು. ಮತ್ತು ಅದಕ್ಕೆ ಉತ್ತರವನ್ನು ಇಲ್ಲಿಯಷ್ಟು ಸ್ಪಷ್ಟವಾಗಿ ಕಾಣುವುದು ಬೇರೆ ಕಡೆ ಕಷ್ಟವೆಂದೇ ನಮಗೆ ತೋರುತ್ತದೆ.

ಹರಿಗೋಲು ಹೊಸ ಸಾಧನವೇನೂ ಅಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ವೇಳೆಗೆ, ವಿಜಯನಗರಕ್ಕೆ ಬಂದ ಪೋರ್ತುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ಹೋಗುವವರು ಬುಟ್ಟಿಯಂತೆ ಗುಂಡಗಿರುವ ದೋಣಿಗಳಲ್ಲಿ ದಾಟುವುದನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದಂಥ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂರಬಹುದು. ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು. ಹೋಗುವಾಗ ಮಾತ್ರ ನೇರವಾಗಿ ಹೋಗದೆ ಗಿರಗಿರನೆ ಸುತ್ತುತ್ತಲೇ ಇರುವುದು ಎಂಬುದು ಅವನ ವರ್ಣನೆಯ ಸಾರ. ಮುಂದೆ ಆರ್ಥರ್ ವೆಲ್ಲೆಸ್ಲಿ, ಎಂದರೆ ವಾಟರ್ಲೂವಿನ ವೆಲ್ಲಿಂಗ್ಟನ್, 1800ರಲ್ಲಿ ದೋಂಡಿಯಾ ವಾಘನನ್ನು ಬೆನ್ನಟ್ಟಿದಾಗಲೂ 1803ರ ಮರಾಠಾ ಯುದ್ಧದಲ್ಲಿಯೂ ಈ ನಾಡಿನ ಹೊಳೆಗಳನ್ನು ದಾಟಲು ಬುಟ್ಟಿದೋಣಿಗಳನ್ನೇ ನೆಚ್ಚಿದನು. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಮನುಷ್ಯದೇಹವು ಒಂಬತ್ತು ತೂತುಗಳುಳ್ಳ ಹರಿಗೋಲಾಗಿದೆ. ಹರಿಗೋಲು ಸೋರುವುದೆಂಬುದು ಕೇಳುವವರಿಗೆಲ್ಲ ಗೊತ್ತಿದ್ದ ಮಾತಾಗಿದ್ದುದರಿಂದಲೇ ಆ ಉಪಮೆಗೆ ಬೆಲೆ ಬಂದಿತು.

ಸೋರುವುದು ಎಷ್ಟು ಅಪಾಯಕರ? ಇದನ್ನು ಲೆಕ್ಕ ಹಾಕಿಯೇ ನೋಡೋಣ. ತಳ ಬಹುಮಟ್ಟಿಗೆ ಚಪ್ಪಟೆಯಾಗಿರುವ, 2.4 ಮೀಟರು ವ್ಯಾಸದ ಒಂದು ಹರಿಗೋಲನ್ನು ಭಾವಿಸಿಕೊಳ್ಳಿ. ತಳದ ವಿಸ್ತೀರ್ಣ ಸುಮಾರು 4.5 ಚದರ ಮೀಟರು. ಅದು ನೀರಿನಲ್ಲಿ ಒಂದು ಸೆಂಟಿಮೀಟರು ಇಳಿದರೆ 45 ಲೀಟರು ನೀರನ್ನು ಪಕ್ಕಕ್ಕೆ ಸರಿಸುವುದು. ಆರ್ಕಿಮಿಡೀಸನ ತತ್ತ್ವದಂತೆ ಅಷ್ಟು ನೀರಿನ ತೂಕ, ಎಂದರೆ 45 ಕಿಲೋಗ್ರಾಮು, ಅದು ಹೊರಬಲ್ಲ ಹೊರೆಯಾಯಿತು. ತಲಾ 60 ಕಿಲೋಗ್ರಾಮಿನ ಹತ್ತು ಜನರು ಹತ್ತಿದರೂ ಅದು ಹದಿಮೂರು ಸೆಂಟಿಮೀಟರಿಗಿಂತ ಸ್ವಲ್ಪ ಮಾತ್ರ ಹೆಚ್ಚು ಇಳಿಯುವುದು. ಮೊಣಕಾಲುದ್ದದ ನೀರಿನಲ್ಲಿ, ಬಂಡೆಗಳ ನಡುವೆ ತೇಲುತ್ತ ಸಾಗಲು ಇದಕ್ಕಿಂತ ಅನುಕೂಲವಾದ ಆಕಾರ ಬೇರೊಂದಿಲ್ಲ. ಚೂಪಾದ ಅಡಿಮರವುಳ್ಳ ದೋಣಿ ನೇರವಾಗಿ ಓಡುವುದು ನಿಜ. ಆದರೆ ಅದು ಹಂಪೆಯ ಮೊದಲ ಬಂಡೆಯಲ್ಲಿಯೇ ಸಿಕ್ಕಿಕೊಳ್ಳುವುದು.

ಇನ್ನು ಇದೇ ಲೆಕ್ಕವನ್ನು ತಿರುವಿ ಹಾಕೋಣ. ಒಳಗೆ ಒಂದು ಸೆಂಟಿಮೀಟರು ನೀರು ನಿಂತಿತೆಂದರೆ 45 ಕಿಲೋಗ್ರಾಮಿನ ಒಬ್ಬ ಪ್ರಯಾಣಿಕ ಹೇಳದೆ ಕೇಳದೆ ಬಂದು ಕುಳಿತಂತೆ. ತಳದಲ್ಲಿ ಐದು ಮಿಲಿಮೀಟರಿನ ಒಂದು ತೂತು ಬಿದ್ದಿದೆ, ಅದು ಹೊರಗಿನ ನೀರಿನ ಮಟ್ಟಕ್ಕಿಂತ ಹದಿನೈದು ಸೆಂಟಿಮೀಟರು ಕೆಳಗಿದೆ ಎಂದಿಟ್ಟುಕೊಂಡರೆ, ಅದರ ಮೂಲಕ ಮಿನಿಟಿಗೆ ಸುಮಾರು 1.2 ಲೀಟರು ನೀರು ಒಳಗೆ ಬರುವುದು. ಕಾಲು ಗಂಟೆಯ ಪಯಣದಲ್ಲಿ ಹದಿನೆಂಟು ಲೀಟರು, ಎಂದರೆ ಎರಡು ಬಿಂದಿಗೆಯಷ್ಟು. ಬೊಗಸೆಯಿಂದಲೋ ಚೊಂಬಿನಿಂದಲೋ ಎತ್ತಿ ಚೆಲ್ಲಬಹುದಾದ ನೀರಿದು. ಆದುದರಿಂದ ಒಂದು ತೂತು ಹರಿಗೋಲನ್ನು ಮುಳುಗಿಸುವುದಿಲ್ಲ. ಅದನ್ನು ಕಂಡು ಮುಚ್ಚಲು ಅವಕಾಶ ಕೊಡುವುದು. ದುರಸ್ತಿಯ ಮಾತಿನಲ್ಲಿ ಈ ಅವಕಾಶವೇ ಮುಖ್ಯವಾದುದು. ಈ ವಿಷಯಕ್ಕೆ ಮುಂದೆ ಮತ್ತೆ ಬರುವೆವು.

ಈಗ ಹರಿಗೋಲಿನ ಒಂದೊಂದೇ ಅಂಗವನ್ನು ಪರೀಕ್ಷಿಸೋಣ. ಮೊದಲನೆಯದು ಬಿದಿರಿನ ಹಂದರ. ಸೀಳಿದ ದಬ್ಬೆಗಳನ್ನು ಅಡ್ಡಡ್ಡಲಾಗಿ ಹಾಸಿ, ಹೆಣೆದು, ತುದಿಗಳನ್ನು ಮೇಲಕ್ಕೆ ಬಾಗಿಸಿ, ಅಂಚಿನಲ್ಲಿ ದಪ್ಪನಾದ ಸುತ್ತು ಹಾಕಿ ಬಿಗಿದರೆ ಹಂದರವಾಯಿತು. ಬಿದಿರು ಹೆಣೆಯುವುದು ನಮ್ಮ ನಾಡಿನಲ್ಲಿ ಮೇದಾರರ ಪರಂಪರೆಯ ಕಸುಬು. ಮೊರ ಬುಟ್ಟಿಗಳಲ್ಲಿ ಕಾಣುವ ಅದೇ ವಿದ್ಯೆ ಇಲ್ಲಿ ದೊಡ್ಡ ಪ್ರಮಾಣದಲ್ಲಿದೆ. ಬಿದಿರಿನ ಗೋಡೆಯಲ್ಲಿ ನಾರುಗಳು ಹೊರಚರ್ಮದ ಕಡೆಗೆ ಒತ್ತಾಗಿಯೂ ಒಳಭಾಗದಲ್ಲಿ ವಿರಳವಾಗಿಯೂ ಇರುವುವು. ಹೊರಚರ್ಮದಲ್ಲಿ ಮರಳಿನ ಅಂಶವಾದ ಸಿಲಿಕವೂ ಸೇರಿರುವುದರಿಂದ ಅದು ಗಟ್ಟಿ, ನುಣುಪು. ಇಂಥ ದಬ್ಬೆ ಬಾಗಿದರೂ ಮುರಿಯದು, ಬಿಟ್ಟೊಡನೆ ಮೊದಲಿನಂತಾಗುವುದು. ಹರಿಗೋಲು ಬಂಡೆಗೆ ತಾಗಿದಾಗ ಹಂದರ ಒಳಕ್ಕೆ ತಗ್ಗಿ, ಪೆಟ್ಟಿನ ಶಕ್ತಿಯನ್ನು ಹತ್ತಾರು ದಬ್ಬೆಗಳಿಗೆ ಹಂಚಿ, ಮತ್ತೆ ಉಬ್ಬುವುದು.

ಬಿದಿರಿಗೆ ಶತ್ರುಗಳು ಎರಡು. ಮೊದಲನೆಯದು ಕೊರೆಯುವ ದುಂಬಿ. ಅದಕ್ಕೆ ಬೇಕಾದುದು ಬಿದಿರಲ್ಲ, ಬಿದಿರಿನೊಳಗಿನ ಪಿಷ್ಟ. ಕಡಿದ ಬಿದಿರನ್ನು ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಡುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇರುವುದಷ್ಟೆ. ನೀರು ಪಿಷ್ಟವನ್ನೂ ಸಕ್ಕರೆಯನ್ನೂ ಕರಗಿಸಿ, ಹುಳಿಸಿ ಹೊರಕ್ಕೆ ಒಯ್ಯುವುದು; ದುಂಬಿಗೆ ಊಟವಿಲ್ಲದಂತಾಗುವುದು. ಎರಡನೆಯ ಶತ್ರು ಬೂಷ್ಟು. ಅದು ಬೆಳೆಯಲು ತೇವವೂ ಬೇಕು, ಗಾಳಿಯೂ ಬೇಕು. ಸದಾ ಒಣಗಿರುವ ಬಿದಿರು ಬಹುಕಾಲ ಬಾಳುವುದು. ಸದಾ ನೀರಿನಡಿಯಲ್ಲಿರುವುದೂ ಬಹುಕಾಲ ಉಳಿಯುವುದು. ಇಂದು ನೆನೆದು ನಾಳೆ ಅರ್ಧ ಒಣಗುವ ಬಿದಿರಿಗೆ ಮಾತ್ರ ಉಳಿಗಾಲವಿಲ್ಲ. ಹರಿಗೋಲಿನಲ್ಲಿ ಹೊದಿಕೆಗೂ ಹಂದರಕ್ಕೂ ನಡುವೆ ಸಿಕ್ಕಿಕೊಂಡ ನೀರು ಮಾಡುವುದು ಇದೇ ಕೆಲಸವನ್ನು. ದಿನದ ಕೆಲಸ ಮುಗಿದೊಡನೆ ಹರಿಗೋಲನ್ನು ಮೇಲಕ್ಕೆಳೆದು ಬೋರಲು ಹಾಕುವುದಕ್ಕೆ ಕಾರಣ ಈಗ ವಾಚಕರಿಗೆ ಹೊಳೆಯಬಹುದು. ನೋಡುವವರಿಗೆ ಅದು ವಿಶ್ರಾಂತಿ. ನಿಜವಾಗಿ ಅದು ದುರಸ್ತಿಯ ಮೊದಲ ಹೆಜ್ಜೆ.

ಎರಡನೆಯ ಅಂಗ ಹೊದಿಕೆ. ಪಾಯೆಸ್ ಕಂಡುದು ತೊಗಲಿನ ಹೊದಿಕೆ. ತೊಗಲು ಸಾವಯವ ವಸ್ತುವಾದುದರಿಂದ ನೀರಿನಲ್ಲಿ ಬಹಳ ಹೊತ್ತು ನೆನೆದರೆ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಕೊಳೆಯುವುದು. ತಂಗಡಿ ಗಿಡದ ತೊಗಟೆಯಂಥ ಒಗರು ಪದಾರ್ಥಗಳಿಂದ ಹದ ಮಾಡಿದರೆ ಕೊಳೆಯುವುದು ತಡವಾಗುತ್ತದೆ, ನಿಲ್ಲುವುದಿಲ್ಲ. ಇಂದು ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಹಾಗೂ ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಚೀಲಗಳು ಬಂದಿವೆ. ಗೊಬ್ಬರ, ಸಿಮೆಂಟು ತುಂಬಿ ಬರುವ ಚೀಲಗಳನ್ನು ಬಿಚ್ಚಿ ಹೊಲಿದರೆ ಹೊದಿಕೆ ಸಿದ್ಧ. ಈ ಬದಲಾವಣೆಯನ್ನು ಕಂಡು ಮರುಗುವವರಿದ್ದಾರೆ. ನಾವು ಆ ಪಂಗಡಕ್ಕೆ ಸೇರಿದವರಲ್ಲ. ಹಂದರವನ್ನು ಹಾಗೆಯೇ ಇಟ್ಟುಕೊಂಡು ಹೊದಿಕೆಯನ್ನು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯಿಸಲು ಎಡೆಗೊಡುವ ರಚನೆ ಒಳ್ಳೆಯ ರಚನೆಯೇ ಸರಿ.

ಮೂರನೆಯದು ಡಾಂಬರು. ಕಲ್ಲಿದ್ದಲಿನಿಂದ ಬರುವ ಟಾರಿಗೂ ಕಲ್ಲೆಣ್ಣೆಯಿಂದ ಬರುವ ಬಿಟುಮೆನ್ನಿಗೂ ಜನ ಈ ಒಂದೇ ಹೆಸರನ್ನು ಹೇಳುವರು. ರಸ್ತೆಗೆ ಹಾಕುವುದು ಇಂದು ಬಿಟುಮೆನ್. ಇದು ಘನವೋ ದ್ರವವೋ ಎಂದು ಕೇಳಿದರೆ ಹೊತ್ತಿಗೆ ತಕ್ಕ ಉತ್ತರ ಕೊಡಬೇಕಾಗುವುದು. ರಸ್ತೆಗೆ ಬಳಸುವ ಸಾಮಾನ್ಯ ಬಿಟುಮೆನ್ನು ಸುಮಾರು 47ರಿಂದ 50 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗುವುದು. ಹೊಸಪೇಟೆಯ ಬೇಸಿಗೆಯಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿ ಮುಟ್ಟುತ್ತದೆ. ಬಿಸಿಲಿನಲ್ಲಿರುವ ಕಪ್ಪು ಮೈಯ ಉಷ್ಣತೆ ಅದಕ್ಕಿಂತ ಎಷ್ಟೋ ಮೇಲೆ. ಆದುದರಿಂದ ಬೋರಲು ಬಿದ್ದ ಹರಿಗೋಲಿನ ಲೇಪ ಮಧ್ಯಾಹ್ನದ ಹೊತ್ತಿಗೆ ನಿಧಾನವಾಗಿ ಹರಿದು ತನ್ನಲ್ಲಿರುವ ಕೂದಲೆಳೆಯಂಥ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುವುದು. ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಈ ಗುಣ ಎಂದೆಂದಿಗೂ ಇರುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಸೇರಿ, ಹಗುರವಾದ ಎಣ್ಣೆಗಳನ್ನು ಕಳೆದುಕೊಂಡು, ಬಿಟುಮೆನ್ನು ವರ್ಷೇ ವರ್ಷೇ ಗಡುಸಾಗುತ್ತ, ಕೊನೆಗೆ ಸಿಡಿಯಲು ತೊಡಗುವುದು. ನಾವು ಮೊದಲು ಹೇಳಿದ ಬೂದುಬಣ್ಣ ಅದರ ಗುರುತು.

ಡಾಂಬರು ಇನ್ನೊಂದು ಕೆಲಸವನ್ನೂ ಮಾಡುವುದು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ ಎಳೆಗಳ ಉದ್ದನೆಯ ಅಣುಗಳನ್ನು ತುಂಡರಿಸುವುವು. ಬಯಲಿನಲ್ಲಿ ಬಿಟ್ಟ ಗೊಬ್ಬರದ ಚೀಲ ಕೆಲವು ತಿಂಗಳಲ್ಲಿಯೇ ಮುಟ್ಟಿದರೆ ಪುಡಿಯಾಗುವುದನ್ನು ಹಳ್ಳಿಯಲ್ಲಿ ಎಲ್ಲರೂ ಕಂಡಿದ್ದಾರೆ. ಕಪ್ಪು ಲೇಪ ಆ ಕಿರಣಗಳನ್ನು ತಾನೇ ಹೀರಿಕೊಂಡು ಚೀಲವನ್ನು ಕಾಯುವುದು. ಹೊದಿಕೆ ಹಂದರವನ್ನು ಕಾಯುವುದು, ಡಾಂಬರು ಹೊದಿಕೆಯನ್ನು ಕಾಯುವುದು. ಹೀಗೆ ಅಗ್ಗವಾದುದು ಹೊರಗಿದ್ದು ಮೊದಲು ಸವೆಯುವುದು. ಮಾಡಲು ಹೆಚ್ಚು ಶ್ರಮವೂ ಕುಶಲತೆಯೂ ಬೇಕಾದುದು ಒಳಗಿದ್ದು ಉಳಿಯುವುದು.

ಇನ್ನು ತೇಪೆ ಹಾಕುವ ಕ್ರಮ. ನೋಡಲು ಇದು ಒರಟು ಕೆಲಸ. ಆದರೆ ಇದರ ಒಂದೊಂದು ಹಂತಕ್ಕೂ ಭೌತಶಾಸ್ತ್ರದ ಸಮರ್ಥನೆಯುಂಟು. ಮೊದಲು ತೂತನ್ನು ಹುಡುಕಬೇಕು. ಬೋರಲು ಹಾಕಿದ ಹರಿಗೋಲಿನ ಒಂದು ಅಂಚನ್ನು ಎತ್ತಿ ಒಳಹೊಕ್ಕು ನೋಡಿದರೆ, ಕತ್ತಲೆಯ ಆ ಗುಮ್ಮಟದಲ್ಲಿ ಸೂಜಿಮೊನೆಯಷ್ಟು ತೂತಾದರೂ ನಕ್ಷತ್ರದಂತೆ ಹೊಳೆಯುವುದು. ಗುರುತು ಮಾಡಿಕೊಂಡ ಮೇಲೆ ಆ ಸ್ಥಳವನ್ನು ಚೆನ್ನಾಗಿ ಒಣಗಿಸಬೇಕು. ಒಣಗಿಸದಿದ್ದರೆ ಎರಡು ಕೇಡುಗಳು. ಬಿಸಿ ಡಾಂಬರು ನೀರಿನ ಮೇಲೆ ಬಿದ್ದರೆ ನೀರು ಥಟ್ಟನೆ ಆವಿಯಾಗಿ, ಸುಮಾರು 1700 ಪಟ್ಟು ಹಿಗ್ಗಿ, ಡಾಂಬರನ್ನು ನೊರೆಯೆಬ್ಬಿಸಿ ಚಿಮ್ಮಿಸುವುದು; ಕೈ ಮುಖಗಳು ಸುಡುವುವು. ಅದಕ್ಕಿಂತ ಸದ್ದಿಲ್ಲದ ಕೇಡು ಇನ್ನೊಂದು: ತೇವವಿರುವಲ್ಲಿ ಡಾಂಬರು ಹಿಡಿಯುವುದೇ ಇಲ್ಲ. ಮಳೆಗಾಲದಲ್ಲಿ ರಸ್ತೆಯ ಜಲ್ಲಿ ಕಿತ್ತು ಗುಂಡಿಗಳು ಬೀಳುವುದಕ್ಕೆ ಕಾರಣವೂ ಇದೇ. ನೀರು ಕಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಅವುಗಳ ನಂಟನ್ನು ಬಿಡಿಸುವುದು.

ಡಾಂಬರಿನ ಬಿಸಿಯಲ್ಲಿಯೂ ಹದ ಬೇಕು. ನೇಯ್ದ ಚೀಲಗಳಲ್ಲಿ ಬಳಸುವ ಪಾಲಿಎಥಿಲೀನ್ ಸುಮಾರು 130 ಡಿಗ್ರಿಯಲ್ಲಿಯೂ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿಯೂ ಕರಗುವುವು. ಕುದಿಯುವಂಥ ಡಾಂಬರನ್ನು ಸುರಿದರೆ ಸಣ್ಣ ತೂತನ್ನು ಮುಚ್ಚಲು ಹೋಗಿ ದೊಡ್ಡದನ್ನು ತೆರೆದಂತಾಗುವುದು. ತಣ್ಣಗಾದರೆ ಮತ್ತೆ ಹರಡದು. ಉಷ್ಣತಾಮಾಪಕವಿಲ್ಲದೆ, ಕುಂಚದಿಂದ ಡಾಂಬರು ಇಳಿಯುವ ಬಗೆಯನ್ನು ನೋಡಿಯೇ ಈ ಹದವನ್ನು ತಿಳಿಯಬೇಕಾಗಿದೆ.

ತೇಪೆಯನ್ನು ಒಳಗಿನಿಂದ ಹಾಕಬೇಕೋ ಹೊರಗಿನಿಂದಲೋ? ವಿದ್ಯಾರ್ಥಿಗಳು ಉತ್ತರವನ್ನು ಓದುವ ಮೊದಲು ಒಂದು ನಿಮಿಷ ಯೋಚಿಸಲಿ. ಹೊಳೆಯ ನೀರಿನ ಒತ್ತಡ ಹೊರಗಿನಿಂದ ಒಳಕ್ಕೆ. ಒಳಗೆ ಅಂಟಿಸಿದ ತೇಪೆಯನ್ನು ತೂತಿನ ಮೂಲಕ ಬಂದ ನೀರು ತಳ್ಳಿ ಎಬ್ಬಿಸುವುದು. ಹೊರಗೆ ಅಂಟಿಸಿದ ತೇಪೆಯನ್ನು ಅದೇ ನೀರು ಹರಿಗೋಲಿನ ಮೈಗೆ ಒತ್ತಿ ಹಿಡಿಯುವುದು. ಹೊರಗಿನ ತೇಪೆಯಾದರೆ ಸೋರಿಕೆಗೆ ಕಾರಣವಾದ ಬಲವೇ ಸೋರಿಕೆಯನ್ನು ತಡೆಯುವ ಆಳಾಗುವುದು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸುವುದೂ ಒಳ್ಳೆಯದು; ಚೂಪಾದ ಮೂಲೆ ಬಂಡೆಗೆ ಉಜ್ಜಿ ಏಳುವುದು ಬೇಗ. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯಲ್ಲಿಯೂ ನಮ್ಮ ಮನೆಗಳ ಕೌದಿಯಲ್ಲಿಯೂ ಪದರದ ಮೇಲೆ ಪದರವಿಟ್ಟು ಒತ್ತಾಗಿ ಹೊಲಿಗೆ ಹಾಕುವುದನ್ನು ನೋಡಿದವರಿಗೆ, ತೇಪೆಯೆಂಬುದು ಬಡತನದ ಗುರುತು ಮಾತ್ರವಲ್ಲ, ಬಟ್ಟೆಯನ್ನು ಬಲಪಡಿಸುವ ಒಂದು ವಿದ್ಯೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಹೀಗೆಂದ ಮಾತ್ರಕ್ಕೆ ಹರಿಗೋಲು ಚಿರಂಜೀವಿಯಲ್ಲ. ಪ್ರತಿಸಲದ ಲೇಪವೂ ತೂಕವನ್ನು ಹೆಚ್ಚಿಸುವುದು. ಒಂದೆರಡು ದಬ್ಬೆ ಮುರಿದರೆ ಅವುಗಳ ಜಾಗದಲ್ಲಿ ಹೊಸದನ್ನು ನುಸುಳಿಸಬಹುದು. ತಳದ ಹೆಣಿಗೆಯೇ ಮೆತ್ತಗಾಗಿ, ಬೆರಳಿನಿಂದ ಒತ್ತಿದರೆ ಪುಡಿ ಉದುರುವಂತಾದಾಗ ತೇಪೆ ಹಾಕುವುದು ಮೂರ್ಖತನ. ಇಂದು ಕೆಲವೆಡೆ ಗಾಜಿನ ನಾರು ಹಾಗೂ ರಾಳದಿಂದ ಅಚ್ಚೊತ್ತಿದ, ‘ಫೈಬರ್’ ಎಂದು ಕರೆಯುವ ಹರಿಗೋಲುಗಳು ಬಂದಿವೆ. ಅವು ಕೊಳೆಯುವುದಿಲ್ಲ, ದುಂಬಿ ಹಿಡಿಯುವುದಿಲ್ಲ, ದಿನದಿನದ ಆರೈಕೆಯನ್ನು ಬೇಡುವುದಿಲ್ಲ. ಇವು ಸಣ್ಣ ಗುಣಗಳಲ್ಲ. ಆದರೆ ಅವು ಬಿದಿರಿನಂತೆ ತಗ್ಗಿ ಉಬ್ಬಲಾರವು. ಬಂಡೆಯ ಬಲವಾದ ಪೆಟ್ಟು ಬಿದ್ದರೆ ಬಿರಿಯುವುವು. ಬಿರಿದುದನ್ನು ಸರಿಮಾಡಲು ಅದೇ ಜಾತಿಯ ರಾಳ, ಅದನ್ನು ಗಟ್ಟಿಗೊಳಿಸುವ ರಾಸಾಯನಿಕ, ಗಾಜಿನ ಬಟ್ಟೆ ಇವೆಲ್ಲ ಪೇಟೆಯಿಂದ ಬರಬೇಕು. ಅಂಗಾಂಗಗಳು ಒಂದಾಗಿ ಬೆಸೆದುಹೋಗಿರುವುದರಿಂದ ಕೆಟ್ಟುದನ್ನು ಮಾತ್ರ ತೆಗೆದು ಒಳ್ಳೆಯದನ್ನು ಉಳಿಸಿಕೊಳ್ಳುವ ದಾರಿಯೂ ಕಿರಿದು. ಸಮತಟ್ಟಾದ ಕೆರೆಯಲ್ಲಿ ವಿಹಾರಕ್ಕೆ ಅದು ಸಾಕು. ಹಂಪೆಯ ಹೊಳೆಗೆ ಬಿದಿರೇ ಲೇಸೆಂದು ನಾವು ಭಾವಿಸುತ್ತೇವೆ. ಬಿದಿರು ಬೆಳೆಯುವವರಿಗೆ ಕಾನೂನಿನ ತೊಡಕೂ ಈಗ ಕಡಿಮೆ. ಕಾಡಿನ ಹೊರಗೆ ಬೆಳೆದ ಬಿದಿರನ್ನು ‘ಮರ’ವೆಂದು ಪರಿಗಣಿಸುವುದನ್ನು 2017ರ ತಿದ್ದುಪಡಿ ಕೈಬಿಟ್ಟಿತು. ಸಸ್ಯಶಾಸ್ತ್ರಜ್ಞರಿಗೆ ಬಿದಿರು ಮೊದಲಿನಿಂದಲೂ ಹುಲ್ಲೇ ಆಗಿತ್ತು!

ಬೇರೆ ನಾಡುಗಳ ಕಡೆಗೊಮ್ಮೆ ಕಣ್ಣು ಹಾಯಿಸೋಣ. ಇಂಗ್ಲೆಂಡಿನ ಪಕ್ಕದ ವೇಲ್ಸ್ ಪ್ರಾಂತದಲ್ಲಿ ಕಡ್ಡಿಯ ಹಂದರಕ್ಕೆ ಮೊದಲು ತೊಗಲು, ಅನಂತರ ಡಾಂಬರು ಬಳಿದ ಬಟ್ಟೆ ಹೊದಿಸಿದರು. ನಮ್ಮಲ್ಲಿ ನಡೆದುದೇ ಅಲ್ಲಿಯೂ ನಡೆಯಿತು. ಇರಾಕಿನ ಟೈಗ್ರಿಸ್ ನದಿಯ ‘ಕುಫಾ’ ಎಂಬ ಗುಂಡುದೋಣಿಗೆ ಅಲ್ಲಿನ ನೆಲದಲ್ಲಿಯೇ ಉಕ್ಕುವ ಬಿಟುಮೆನ್ನಿನ ಲೇಪ. ಎಲ್ಲಕ್ಕಿಂತ ಸ್ವಾರಸ್ಯವಾದುದು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಬರೆದಿಟ್ಟ ಸಂಗತಿ. ಆರ್ಮೇನಿಯದ ವರ್ತಕರು ತೊಗಲಿನ ಗುಂಡುದೋಣಿಗಳಲ್ಲಿ ಸರಕನ್ನೂ ಒಂದು ಕತ್ತೆಯನ್ನೂ ಹೇರಿಕೊಂಡು ನದಿಯ ಕೆಳಗೆ ಬಾಬಿಲೋನಿಗೆ ಬರುತ್ತಿದ್ದರಂತೆ. ಪ್ರವಾಹಕ್ಕೆದುರಾಗಿ ಮರಳುವುದು ಅಸಾಧ್ಯ. ಆದುದರಿಂದ ಸರಕಿನೊಡನೆ ದೋಣಿಯ ಹಂದರವನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿ ನೆಲದ ದಾರಿಯಲ್ಲಿ ಊರಿಗೆ ಹೋಗಿ ಹೊಸ ದೋಣಿ ಕಟ್ಟುತ್ತಿದ್ದರು. ಹಂಪೆಯಲ್ಲಿ ಉಳಿಸುವುದು ಹಂದರವನ್ನು, ಬದಲಾಯಿಸುವುದು ಹೊದಿಕೆಯನ್ನು. ಅಲ್ಲಿ ಅದಕ್ಕೆ ವಿರುದ್ಧ. ಯಾವುದನ್ನು ಉಳಿಸಬೇಕೆಂಬುದನ್ನು ಆಯಾ ನದಿ, ಆಯಾ ದಾರಿ ತೀರ್ಮಾನಿಸುವುವು. ಎರಡು ಕಡೆಯೂ ಅಂಗಗಳು ಬಿಡಿಬಿಡಿಯಾಗಿ ಕಳಚಿಬರುವುದರಿಂದ ಮಾತ್ರವೇ ಈ ಆಯ್ಕೆ ಸಾಧ್ಯವಾಯಿತು.

ಹಾಯಿಹಡಗುಗಳಲ್ಲಿಯೂ ಈ ವಿದ್ಯೆ ಹಳೆಯದೇ. ಹಿಂದೂ ಮಹಾಸಾಗರದ ಪ್ರಾಚೀನ ಹಡಗುಗಳಲ್ಲಿ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಈ ಕ್ರಮದಲ್ಲಿಯೇ, ಐದನೆಯ ಶತಮಾನದ ಅಜಂತಾ ಚಿತ್ರವೊಂದರ ಆಧಾರದ ಮೇಲೆ ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗನ್ನು ಭಾರತೀಯ ನೌಕಾಪಡೆ 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಸೇರಿಸಿಕೊಂಡಿತು. ಅದೇ ಡಿಸೆಂಬರ್ 29ರಂದು ಅದು ಪೋರಬಂದರಿನಿಂದ ಮಸ್ಕತ್ತಿನ ಕಡೆಗೆ ಹೊರಟಿತು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಹೊಲಿದ ಹಡಗಿನಲ್ಲಿ ಹಲಗೆಯೊಂದು ಕೆಟ್ಟರೆ ಹೊಲಿಗೆ ಬಿಚ್ಚಿ ಆ ಹಲಗೆಯನ್ನಷ್ಟೇ ತೆಗೆಯಬಹುದು. ತುಕ್ಕು ಹಿಡಿದ ಮೊಳೆ ಸುತ್ತಲಿನ ಮರವನ್ನೂ ಕೆಡಿಸುವುದು. ಇನ್ನೊಂದು ಉದಾಹರಣೆ, 1817ರಲ್ಲಿ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ‘ಟ್ರಿಂಕಾಮಲಿ’ ಎಂಬ ಯುದ್ಧನೌಕೆ. ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಅದರ ಜೀರ್ಣೋದ್ಧಾರ 1990ರಿಂದ 2001ರವರೆಗೆ ನಡೆದು, ಅದು ಇಂದಿಗೂ ತೇಲುತ್ತಿದೆ. ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದ ಹಡಗು ಅದೇ ಹಡಗೋ ಬೇರೆಯೋ ಎಂದು ಗ್ರೀಕ್ ತತ್ತ್ವಜ್ಞಾನಿಗಳು ವಾದಿಸಿದರು. ತಳವಾರಘಟ್ಟದ ಅಂಬಿಗನಿಗೆ ಈ ಸಂದೇಹ ಹುಟ್ಟುವಂತೆ ತೋರುವುದಿಲ್ಲ.

ಇಲ್ಲಿಯವರೆಗೆ ನಾವು ದುರಸ್ತಿಯ ಪಕ್ಷವನ್ನೇ ಹಿಡಿದೆವು. ಎದುರುಪಕ್ಷಕ್ಕೆ ಸಾಕ್ಷಿ ಹೇಳಲು ಅದೇ ಹೊಳೆಯ ಮೇಲೆ, ಹಂಪೆಯಿಂದ ಕೆಲವೇ ಮೈಲಿ ದೂರದಲ್ಲಿ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆ ನಿಂತಿದೆ. 1953ರಲ್ಲಿ ಪೂರ್ಣಗೊಂಡ ಈ ಕಟ್ಟೆಯ ಮೇಲ್ಭಾಗದಲ್ಲಿ 33 ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಗೇಟಿನ ನೆತ್ತಿಯವರೆಗೂ ನೀರು ನಿಂತಾಗ ಒಂದು ಗೇಟಿನ ಮೇಲೆ ಬೀಳುವ ಒಟ್ಟು ಒತ್ತಡವನ್ನು ಪ್ರೌಢಶಾಲೆಯ ಸೂತ್ರದಿಂದಲೇ ಲೆಕ್ಕ ಹಾಕಬಹುದು: ಸುಮಾರು 340 ಟನ್ನು ತೂಕಕ್ಕೆ ಸಮ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟು ಕಟ್ಟೆಯ ಮೇಲಿನ ಭಾರವನ್ನು ತಗ್ಗಿಸಬೇಕಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ವೇಳೆಗೆ ಆ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚಿದರು. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ನಡೆದ ಈ ಕೆಲಸವೂ ಒಂದು ತೇಪೆಯೇ. ಬಹುಶಃ ಈ ಹೊಳೆ ಕಂಡ ಅತಿ ದೊಡ್ಡ ತೇಪೆ. ಆದರೆ ಅನಂತರ ತಜ್ಞರು ಸೂಚಿಸಿದುದು ತೇಪೆಯನ್ನಲ್ಲ, 33 ಗೇಟುಗಳನ್ನೂ ಬದಲಾಯಿಸುವುದನ್ನು. 2025ರ ಮಳೆಗಾಲದಲ್ಲಿ, ನೂರೈದು ಟಿಎಂಸಿಗೂ ಮಿಗಿಲಾಗಿ ಹಿಡಿಯಬಲ್ಲ ಜಲಾಶಯದಲ್ಲಿ ನೀರಿನ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಇಪ್ಪತ್ತೈದು ಟಿಎಂಸಿ ನೀರಿನ ಬೆಲೆ ಏನೆಂದು ಕಂಪ್ಲಿ ಗಂಗಾವತಿಗಳ ಭತ್ತದ ರೈತರು ಬಲ್ಲರು.

ಹರಿಗೋಲಿಗೆ ಒಪ್ಪಿದ ನ್ಯಾಯ ಗೇಟಿಗೆ ಏಕೆ ಒಪ್ಪಲಿಲ್ಲ? ಉಕ್ಕಿನಲ್ಲಿ ಕೇಡು ಕಣ್ಣಿಗೆ ಬೀಳದಂತೆ ಬೆಳೆಯಬಲ್ಲುದು. ಕೊಂಡಿ ಕೊಂಡಿ ಸೇರುವ ಎಡೆಯಲ್ಲಿ, ಗ್ರೀಸು ಮಣ್ಣುಗಳ ಕೆಳಗೆ, ತುಕ್ಕು ಲೋಹವನ್ನು ತಿನ್ನುವುದು. ಮೇಲಿಂದ ಮೇಲೆ ಭಾರ ಹೊತ್ತು ಇಳಿಸುವ ಲೋಹಕ್ಕೆ ‘ದಣಿವು’ ಎಂಬ ರೋಗ ಬೇರೆ ಉಂಟು; ಸೂಕ್ಷ್ಮವಾದ ಬಿರುಕೊಂದು ಪ್ರತಿಸಲವೂ ಕೂದಲಷ್ಟು ಮುಂದುವರಿದು, ಉಳಿದ ಲೋಹ ಭಾರವನ್ನು ತಾಳಲಾರದಾದ ಕ್ಷಣದಲ್ಲಿ ಒಮ್ಮೆಗೇ ತುಂಡಾಗುವುದು. ಅದಕ್ಕೆ ಮುನ್ನ ಸೋರಿಕೆಯಿಲ್ಲ, ಬೂದುಬಣ್ಣವಿಲ್ಲ, ಸೂಚನೆಯೇ ಇಲ್ಲ. ಅದನ್ನು ಕಾಣಬೇಕಾದರೆ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯ ಅಲೆಗಳನ್ನು ಲೋಹದೊಳಕ್ಕೆ ಹಾಯಿಸಿ ಪ್ರತಿಧ್ವನಿಯನ್ನು ಅಳೆಯುವಂಥ ಉಪಾಯಗಳು ಬೇಕು. ಹರಿಗೋಲು ಕೆಡುವ ಮೊದಲು ಮಿನಿಟಿಗೆ ಒಂದು ಲೀಟರಿನಂತೆ ಎಚ್ಚರಿಕೆ ಕೊಡುವುದು, ಸರಪಳಿ ಕೊಡುವುದಿಲ್ಲ. ಮೊದಲು ನಾವು ‘ಅವಕಾಶ’ವೆಂದುದು ಇದನ್ನೇ. ತೊಂಬತ್ತರ ಅಜ್ಜನ ಕೈಯ ಊರುಗೋಲನ್ನು ಕಟ್ಟಿ ಕಟ್ಟಿ ಬಳಸಬಹುದು. ಬಾವಿಗೆ ಇಳಿಯುವ ಹಗ್ಗವನ್ನು ಹಾಗೆ ಬಳಸಲಾಗದು. ಹಳೆಯದರ ಮೇಲಿನ ಪ್ರೀತಿಯಿಂದಲೋ ಹೊಸದರ ಮೇಲಿನ ಮೋಹದಿಂದಲೋ ಇದನ್ನು ತೀರ್ಮಾನಿಸುವವರನ್ನು ಕಂಡರೆ ನಮಗೆ ಅಷ್ಟಾಗಿ ನಂಬಿಕೆ ಬಾರದು.

ಹೊಳೆ ದಾಟುವ ಹಾದಿ ಈಗ ಸೇತುವೆಗಳದು. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. ಅನಂತರವೂ ಅಲ್ಲಿ ಜನ ಹೊಳೆ ದಾಟಿದುದು ದೋಣಿ ಹರಿಗೋಲುಗಳಲ್ಲಿಯೇ. ಕಂಪ್ಲಿಯ ಸೇತುವೆ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ, 2019 ಮತ್ತು 2022ರಲ್ಲಿ ಆದಂತೆ, ಮುಳುಗುವುದು. ಅಂಥ ನೀರಿನಲ್ಲಿ ಹರಿಗೋಲನ್ನು ಇಳಿಸುವುದು ಹುಚ್ಚುತನ. ಆಗ ಅದು ಬಂಡೆಯ ಮೇಲೆ ಬೋರಲು ಬಿದ್ದಿರಬೇಕಾದುದೇ. ಆದುದರಿಂದ ತೇಪೆಯ ಕೆಲಸಕ್ಕೆ ತಕ್ಕ ಕಾಲ ಬೇಸಿಗೆ. ಬಿದಿರು ಒಣಗಿರುವುದು, ಡಾಂಬರು ಮೆತ್ತಗಿರುವುದು, ಹೊಳೆಯಲ್ಲಿ ನೀರು ಕಡಿಮೆ. ಹೊಸ ಲೇಪ ಗಟ್ಟಿಯಾದ ಮೇಲೆ ಹರಿಗೋಲನ್ನು ದಡದ ಅಂಚಿನಲ್ಲಿ, ಯಾರನ್ನೂ ಕೂರಿಸದೆ, ಒಂದೆರಡು ದೊಡ್ಡ ಕಲ್ಲುಗಳನ್ನಿಟ್ಟು ತೇಲಿಬಿಟ್ಟು ನೋಡಬೇಕು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಕೈಯಾಡಿಸಿದಾಗ ಬೆರಳು ಒದ್ದೆಯಾದರೆ, ಕಲ್ಲುಗಳನ್ನು ತೆಗೆದು ಮತ್ತೊಮ್ಮೆ ಬೋರಲು ಹಾಕಬೇಕು.